ನಾಲ್ಕನೆಯ ಸೀಟು ಮತ್ತು ನ್ಯಾಯಬುದ್ಧಿ

ಡೊಂಬಿವಲಿ, ಕಲ್ಯಾಣ, ಠಾಣೆಗಳಿಂದ ಮುಂಬಯಿಗೆ ನಿತ್ಯವೂ ಲೋಕಲಿನಲ್ಲಿ ಪಯಣಿಸುವ ನಮಗೆ 'ನಾಲ್ಕನೆಯ ಸೀಟಿ'ನ ಧರ್ಮ ಸುಪರಿಚಿತ: ಮೂವರ ಬೆಂಚಿನಲ್ಲಿ ತುಸು ಸರಿದು ನಾಲ್ಕನೆಯವನಿಗೂ ಎಡೆಗೊಡಬೇಕು. ಒಲ್ಲೆನೆಂಬವನ ಮೇಲೆ ಡಬ್ಬಿಯೆಲ್ಲ ಮುನಿಯುತ್ತದೆ. ಈ ಮುನಿಸಿನ ಮೂಲವೇನು?

2003ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನ ಅಲನ್ ಸ್ಯಾನ್‌ಫೀ ಮತ್ತು ಸಹಸಂಶೋಧಕರು 19 ಜನರ ಮಿದುಳಿನ ವ್ಯಾಪಾರವನ್ನು ಸ್ಕ್ಯಾನಿಂಗ್ ಯಂತ್ರದ ಮೂಲಕ ಪರೀಕ್ಷಿಸಿದರು. ಒಬ್ಬನು 10 ಡಾಲರನ್ನು ಹಂಚುವನು. ಇನ್ನೊಬ್ಬನು ಒಪ್ಪಿದರೆ ಇಬ್ಬರಿಗೂ ಪಾಲು, ಒಪ್ಪದಿದ್ದರೆ ಇಬ್ಬರಿಗೂ ಶೂನ್ಯ. ಒಂದೆರಡು ಡಾಲರಿನ ಪಾಲನ್ನು ಅನೇಕರು, ತಮಗೇ ನಷ್ಟವಾದರೂ, ತಿರಸ್ಕರಿಸಿದರು. ಅಂಥ ಪಾಲನ್ನು ಕಂಡಾಗ, ಜುಗುಪ್ಸೆಯಲ್ಲಿಯೂ ಸ್ಪಂದಿಸುವ 'ಇನ್ಸುಲಾ' ಎಂಬ ಮಿದುಳಿನ ಭಾಗವು ಚುರುಕಾಗುತ್ತಿತ್ತು. ಅದೇ ಪಾಲನ್ನು ಗಣಕಯಂತ್ರ ಕೊಟ್ಟಾಗ ಸ್ಪಂದನ ಮಂದವಾಗಿತ್ತು.

ಲಾಭನಷ್ಟದೊಡನೆ ಎದುರಿಗಿರುವ ಮನುಷ್ಯನ ನಡತೆಯನ್ನೂ ಮಿದುಳು ತೂಗಿ ನೋಡುತ್ತದೆಂದು ಇದರಿಂದ ತಿಳಿಯುತ್ತದೆ. ಲೋಕಲಿನ ಜಗಳವೂ ಅಂಗುಲದ ಎಡೆಗಿಂತ ಹೆಚ್ಚಾಗಿ ಆ ನಡತೆಯನ್ನು ಕುರಿತದ್ದಿರಬೇಕು.