ಹಾರಾಟ ಮುಗಿಸಿದ ಎಂಜಿನ್‌ಗೆ ನೆಲದ ಮೇಲೆ ಕೆಲಸ

1991ರಲ್ಲಿ ಕುವೈತ್ ಬಿಟ್ಟು ಹೊರಟ ಇರಾಕಿ ಸೇನೆ ಅಲ್ಲಿನ 600ಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿ ಹಚ್ಚಿತು. ಅದನ್ನು ಆರಿಸಲು ಹಂಗೇರಿಯ ತಂಡ ಒಂದು ವಿಚಿತ್ರ ವಾಹನ ತಂದಿತ್ತು. ಹೆಸರು ‘ಬಿಗ್ ವಿಂಡ್’. ಎರಡನೇ ಮಹಾಯುದ್ಧದ ಟಿ-34 ಟ್ಯಾಂಕಿನ ಗೋಪುರ ತೆಗೆದು, ಆ ಜಾಗದಲ್ಲಿ ಮಿಗ್-21 ವಿಮಾನದ ಎರಡು ಜೆಟ್ ಎಂಜಿನ್ ಕೂರಿಸಿದ್ದರು. ಮೇಲೆ ನೀರು ಚಿಮ್ಮುವ ಆರು ಕೊಳವೆ. ಎಂಜಿನ್ ಉಗುಳುವ ಗಾಳಿಗೆ ಸಿಕ್ಕ ನೀರು ಮಂಜಾಗಿ ನುಗ್ಗಿ ಜ್ವಾಲೆಯನ್ನು ತೈಲದಿಂದ ಬೇರ್ಪಡಿಸುತ್ತದೆ. ಬಾವಿಯ ಕಾದ ಬಾಯನ್ನೂ ತಣಿಸುತ್ತದೆ. ತಣಿಸದಿದ್ದರೆ ಆರಿದ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತದೆ.

ಇಂಥ ವಾಹನಗಳನ್ನು ಬರೀ ಸಾಹಸಪ್ರಿಯರ ಆಟವೆಂದು ತಳ್ಳಿಹಾಕುವವರಿದ್ದಾರೆ. ಅದು ಅರ್ಧ ಸತ್ಯ. 1966ರಲ್ಲಿ ಅಮೆರಿಕದ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆ ಒಂದು ರೈಲುಬಂಡಿಯ ನೆತ್ತಿಗೆ ಎರಡು ಜೆ-47 ಎಂಜಿನ್ ಕಟ್ಟಿ ಗಂಟೆಗೆ 295 ಕಿ.ಮೀ. ವೇಗ ಮುಟ್ಟಿಸಿತು. ದಾಖಲೆಯೇನೋ ಆಯಿತು, ಜೆಟ್ ರೈಲು ಮಾತ್ರ ಪ್ರಯಾಣಿಕರನ್ನು ಹೊತ್ತು ಓಡಲಿಲ್ಲ. ಬಂಡಿ ತಳ್ಳುವ ಕೆಲಸವನ್ನು ಚಕ್ರ ಕಡಿಮೆ ಇಂಧನದಲ್ಲೇ ಮಾಡುತ್ತದೆ. ಬಿಸಿಗಾಳಿಯೇ ಬೇಕಾದ ಕಡೆ ಲೆಕ್ಕ ಬೇರೆ. ಸೋವಿಯತ್ ವಿಮಾನ ನಿಲ್ದಾಣಗಳಲ್ಲಿ ಮಿಗ್-15ರ ಹಳೆಯ ವಿಕೆ-1 ಎಂಜಿನ್ ಲಾರಿಯೇರಿ ರನ್‌ವೇಯ ಹಿಮ ಕರಗಿಸಿತು. ವಿಮಾನದ ಎಂಜಿನ್‌ಗೆ ಇಂತಿಷ್ಟೇ ಗಂಟೆ ಎಂದು ಆಯುಸ್ಸು ಕಟ್ಟುವುದು ಆಕಾಶದಲ್ಲಿ ಅದು ಕೈಕೊಟ್ಟರೆ ಪ್ರಾಣ ಹೋಗುತ್ತದೆಂದು. ನೆಲದ ಮೇಲೆ ಕೈಕೊಟ್ಟರೆ ಬಹುಪಾಲು ಕೆಲಸವಷ್ಟೇ ನಿಲ್ಲುತ್ತದೆ.

ಇಂಧನ ವಿಪರೀತ ಕುಡಿಯುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ದಿನವಿಡೀ ಉರಿಯುವ ಬಾವಿಯಿಂದ ಸುಟ್ಟುಹೋಗುವ ತೈಲದ ಮುಂದೆ ಕೆಲವೇ ನಿಮಿಷ ಓಡುವ ಎಂಜಿನ್ನಿನ ಖರ್ಚು ಎಷ್ಟು? ಕುವೈತಿನ ಬಹುಪಾಲು ಬೆಂಕಿಯನ್ನು ಗೆದ್ದದ್ದು ಸಮುದ್ರದ ನೀರು ಮತ್ತು ಸ್ಫೋಟಕಗಳು, ಬಿಗ್ ವಿಂಡ್‌ನ ಪಾಲು ಸಣ್ಣದು, ನಿಜ. ತಂಡಕ್ಕೆ ಇನ್ನೊಂದು ಉಪಾಯ ಕೈಯಲ್ಲಿರುವುದೇ ದೊಡ್ಡದು.

ನಮಗೂ ಇದು ದೂರದ ಮಾತಲ್ಲ. ಅಸ್ಸಾಮಿನ ಬಾಘಜಾನ್ ಬಾವಿಗೆ 2020ರ ಜೂನ್‌ನಲ್ಲಿ ಹತ್ತಿದ ಬೆಂಕಿ ಪೂರ್ತಿ ಆರಿದ್ದು ನವೆಂಬರ್‌ನಲ್ಲಿ. ಮಿಗ್-21ರ ಎಂಜಿನ್‌ಗಳನ್ನು ಎಚ್ಎಎಲ್ ಒಡಿಶಾದ ಕೊರಾಪುಟ್‌ನಲ್ಲಿ ತಯಾರಿಸುತ್ತಿತ್ತು. ಆ ವಿಮಾನಗಳು 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತವಾಗಿವೆ. ಉಳಿದ ಎಂಜಿನ್‌ಗಳೆಲ್ಲ ಗುಜರಿಗೆ ಹೋಗುವ ಮೊದಲು, ಒಂದೆರಡನ್ನಾದರೂ ಅಗ್ನಿಶಾಮಕ ಪ್ರಯೋಗಕ್ಕೆ ಎತ್ತಿಡಬೇಕು.