ದುಡ್ಡು ಹೆಸರಿಗೋ, ಪದಾರ್ಥಕ್ಕೋ?

ಕೊಳೆ ಔಷಧಿಗೆಂದು ಮೈಲುತುತ್ತ ಕೊಳ್ಳುವಾಗ ನಾವು ಕಂಪೆನಿಯ ಹೆಸರಿಗೆ ಮರುಳಾಗುವುದಿಲ್ಲ. ಹರಳು ಶುದ್ಧವೇ, ತಾಮ್ರದ ಅಂಶ ಶೇ. 24-25 ಇದೆಯೇ ಎಂದು ವಿಚಾರಿಸುತ್ತೇವೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಭಂಡಿಗಡಿ ಸುತ್ತಿನ ಬೆಳೆಗಾರರಿಗೆಲ್ಲ ಬಾಯಿಪಾಠ. ಕೊಪ್ಪದ ಪೇಟೆಗೆ ಮನೆಸಾಮಾನಿಗೆ ಹೊರಟಾಗ ಮಾತ್ರ ಈ ಬುದ್ಧಿಯನ್ನು ತೋಟದಲ್ಲೇ ಬಿಟ್ಟು ಹೋಗುತ್ತೇವೆ.

ಮೈಸೋಪನ್ನೇ ತೆಗೆದುಕೊಳ್ಳೋಣ. ಹೊದಿಕೆಯ ಮೇಲೆ ಟಿ.ಎಫ್.ಎಂ. ಎಂದು ಒಂದು ಅಂಕಿ ಇರುತ್ತದೆ. ಸೋಪಿನಲ್ಲಿರುವ ಒಟ್ಟು ಕೊಬ್ಬಿನಾಂಶವೇ ಅದು. ಭಾರತೀಯ ಮಾನಕದಂತೆ ಶೇ. 76ಕ್ಕೆ ಕಡಿಮೆಯಿಲ್ಲದ್ದು ಒಂದನೆಯ ದರ್ಜೆ, 70 ಎರಡನೆಯದು, 60 ಮೂರನೆಯದು. 'ಬೇದಿಂಗ್ ಬಾರ್' ಎಂದು ಬರೆದದ್ದಕ್ಕೆ ಶೇ. 40 ಇದ್ದರೂ ನಡೆಯುತ್ತದೆ. ಸಿನಿಮಾ ತಾರೆಯರ ಚಿತ್ರವಿರುವ ಸೋಪಾದರೂ ಈ ಅಂಕಿಯನ್ನು ನೋಡಿಯೇ ಕೊಳ್ಳತಕ್ಕದ್ದು. ಉದಾಹರಣೆಗೆ, 100 ಗ್ರಾಂ ತೂಕದ ಎರಡು ಸೋಪುಗಳಿವೆ ಎನ್ನೋಣ. ಶೇ. 76ರದ್ದು 40 ರೂಪಾಯಿ, ಶೇ. 60ರದ್ದು 35 ರೂಪಾಯಿ. ಮೊದಲನೆಯದರಲ್ಲಿ ಒಂದು ಗ್ರಾಂ ಕೊಬ್ಬಿನಾಂಶಕ್ಕೆ ಸುಮಾರು 53 ಪೈಸೆ ಬಿದ್ದರೆ ಎರಡನೆಯದರಲ್ಲಿ 58 ಪೈಸೆ ಬೀಳುತ್ತದೆ. ಐದು ರೂಪಾಯಿ ಅಗ್ಗವೆಂದು ತಂದದ್ದೇ ದುಬಾರಿಯಾಯಿತು! ಹಾಗೆಂದು ದೊಡ್ಡ ಹೆಸರಿದ್ದಲ್ಲೆಲ್ಲ ಅಂಕಿಯೂ ದೊಡ್ಡದಿರುತ್ತದೆಂದು ಭಾವಿಸಬೇಕಾಗಿಲ್ಲ.

ಬಟ್ಟೆ ಒಗೆಯುವ ಪುಡಿಯ ಕಥೆ ಇನ್ನೊಂದು ಬಗೆಯದು. 1969ರಲ್ಲಿ ಅಹಮದಾಬಾದಿನಲ್ಲಿ ಮನೆಮನೆಗೆ ಮಾರಾಟವಾಗುತ್ತಿದ್ದ ನಿರ್ಮಾ, ಹೆಸರಾಂತ ಪುಡಿಯ ಬೆಲೆಯ ಒಂದು ಸಣ್ಣ ಪಾಲಿಗೆ ಸಿಗುತ್ತಿತ್ತು. ಮುಂದೆ ಅದೇ ದೇಶದ ದೊಡ್ಡ ಹೆಸರುಗಳಲ್ಲೊಂದಾಯಿತು. ಇಂದು ಹೆಸರಿಲ್ಲದ್ದು ಎಂದೆಂದೂ ಕಳಪೆಯೇ ಎನ್ನಲಾಗದು.

ನಮಗೆ ನಾಚಿಕೆ ತರತಕ್ಕ ಸಂಗತಿಯೆಂದರೆ ಕಾಫಿಪುಡಿ. ಅಂಗಳದಲ್ಲಿ ಕಾಫಿ ಒಣಗಿಸುವ ನಾವೇ ಪೇಟೆಯಿಂದ ಬಣ್ಣದ ಪೊಟ್ಟಣ ತರುತ್ತೇವೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಶೇ. 49ರವರೆಗೆ ಚಿಕೋರಿ ಸೇರಿಸಲು ಕಾಯಿದೆಯ ಅನುಮತಿಯಿದೆ. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಲೇಬೇಕು. 60-40ರ ಅರ್ಧ ಕಿಲೋ ಪೊಟ್ಟಣದಲ್ಲಿ ಕಾಫಿ 300 ಗ್ರಾಂ ಮಾತ್ರ. ಚಿಕೋರಿಯ ರುಚಿ ಬೇಕೆನ್ನುವವರು ಧಾರಾಳವಾಗಿ ಕುಡಿಯಲಿ, ನಮ್ಮ ಆಕ್ಷೇಪಣೆಯಿಲ್ಲ. ಆದರೆ ಅದಕ್ಕೆ ಕಾಫಿಯ ದರ ಏಕೆ ಕೊಡಬೇಕು? ಸ್ವಂತ ಬೀಜವನ್ನು ಹುರಿಸಿ ಪುಡಿ ಮಾಡಿಸಿಕೊಂಡರೆ ಅದರಲ್ಲಿ ಏನಿದೆ ಎಂಬುದಾದರೂ ನಮಗೆ ತಿಳಿದಿರುತ್ತದೆ.

ಉಪ್ಪಿನಲ್ಲಿ ಮಾತ್ರ ಬಿಡಿ ಸಾಮಾನು ಬೇಡ. ಗಳಗಂಡ ಕಾಣಿಸಿಕೊಂಡ ಜಿಲ್ಲೆಗಳಲ್ಲಿ ನಮ್ಮ ಚಿಕ್ಕಮಗಳೂರೂ ಸೇರಿತ್ತು. ಅಡಿಗೆ ಉಪ್ಪು ಮನೆ ಸೇರುವ ಹೊತ್ತಿಗೆ ಅದರಲ್ಲಿ ಹತ್ತು ಲಕ್ಷಕ್ಕೆ 15 ಭಾಗ ಅಯೋಡಿನ್ ಇರತಕ್ಕದ್ದು. ನಮ್ಮ ಮಳೆಗಾಲದ ತೇವಕ್ಕೆ ತೆರೆದಿಟ್ಟ ಉಪ್ಪಿನಿಂದ ಅದು ನಷ್ಟವಾಗುತ್ತದೆ. ಅಯೋಡಿನ್ ಸೇರಿಸಿದ್ದೆಂದು ನಮೂದಿಸಿದ ಭದ್ರವಾದ ಪೊಟ್ಟಣ ಸಾಕು, ಅತಿ ದುಬಾರಿಯದೇ ಆಗಬೇಕಾಗಿಲ್ಲ.

ಔಷಧಿಯ ವಿಷಯಕ್ಕೆ ಬಂದರೆ, ಜ್ವರದ 500 ಮಿಲಿಗ್ರಾಂ ಪ್ಯಾರಸಿಟಮಾಲ್ ಯಾವ ಹೆಸರಿನಲ್ಲಿದ್ದರೂ ಅದೇ ಮದ್ದು. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಮಳಿಗೆಗಳಲ್ಲಿ ಇಂಥವು ಬಹಳ ಕಡಿಮೆ ದರಕ್ಕೆ ದೊರೆಯುತ್ತವೆ. ಮೂರ್ಛೆರೋಗ, ಥೈರಾಯ್ಡ್ ಮುಂತಾದವುಗಳ ಮಾತ್ರೆಯನ್ನು ಮಾತ್ರ ವೈದ್ಯರನ್ನು ಕೇಳದೆ ಬದಲಾಯಿಸಬಾರದು.

ಹೆಸರಾಂತ ಸರಕಿನ ಹೆಸರಿನಲ್ಲಿ ಒಂದಕ್ಷರ ತಿದ್ದಿ, ಅದೇ ಬಣ್ಣದ ಹೊದಿಕೆ ಹಾಕಿ ಮಾರುವವರೂ ಇದ್ದಾರೆ. ಇಂಥ ಸರಕಿನಲ್ಲಿ ಹೆಸರೂ ಇಲ್ಲ, ಅಗ್ಗವೂ ಇಲ್ಲ. ತಯಾರಕರ ವಿಳಾಸ, ನಿವ್ವಳ ತೂಕ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ ಇಲ್ಲದ ಪೊಟ್ಟಣವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ರಸೀದಿ ಕೇಳಿ ಪಡೆಯಿರಿ. ಮೋಸವಾಯಿತೆಂದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ಆಗ ಆ ರಸೀದಿ ಕೈಯಲ್ಲಿರಲಿ.