ಕಾಫಿಯಾ ದಡದ ಉದ್ದಕಾಲಿನ ಹಕ್ಕಿ

ಆ ಮಕ್ಕಳು ಪೆಂಗ್ವಿನ್ ಹುಡುಕಿಕೊಂಡು ಹೋದವರಲ್ಲ. 2006ರ ಜನವರಿ, ನ್ಯೂಜಿಲೆಂಡಿನಲ್ಲಿ ಆಗ ಬೇಸಿಗೆ. ಹ್ಯಾಮಿಲ್ಟನ್ ಊರಿನ ಮಕ್ಕಳ ನಿಸರ್ಗ ಕ್ಲಬ್ಬೊಂದು ಕಾಫಿಯಾ ಬಂದರಿನ ದಡಕ್ಕೆ ಪಳೆಯುಳಿಕೆ ನೋಡಲು ಹೋಗಿತ್ತು. ಅಲ್ಲಿನ ಮರಳುಗಲ್ಲಿನಲ್ಲಿ ಹುದುಗಿದ್ದ ದೊಡ್ಡ ಮೂಳೆಗಳು ಅವರ ಕಣ್ಣಿಗೆ ಬಿದ್ದವು.

ಮೂಳೆ ಕಲ್ಲಿನಿಂದ ಹೊರಬಂದರೂ ಗುರುತು ಸಿಕ್ಕಿ ಹೆಸರಿಡಲು 15 ವರ್ಷ ಹಿಡಿಯಿತು. 2017ರಲ್ಲಿ ಅದು ವೈಕಾಟೊ ವಸ್ತುಸಂಗ್ರಹಾಲಯಕ್ಕೆ ಸೇರಿತು. ಮ್ಯಾಸಿ ವಿಶ್ವವಿದ್ಯಾಲಯದವರು ಅಮೆರಿಕದ ಬ್ರೂಸ್ ಮ್ಯೂಸಿಯಂನವರ ಜೊತೆಗೂಡಿ ಮೂಳೆಗಳನ್ನು ತ್ರಿಡಿ ಸ್ಕ್ಯಾನ್ ಮಾಡಿ, ಬೇರೆ ದೇಶಗಳ ಪಳೆಯುಳಿಕೆಗಳೊಂದಿಗೆ ಹೋಲಿಸಿದರು. 2021ರಲ್ಲಿ ಹೊಸ ಪೆಂಗ್ವಿನ್ ಪ್ರಭೇದವೆಂದು ಪ್ರಕಟವಾಯಿತು: ಕೈರುಕು ವೈವೈರೋವಾ. ನಿಂತರೆ ಸುಮಾರು 1.4 ಮೀಟರ್, ವಯಸ್ಸು 2.7ರಿಂದ 3.5 ಕೋಟಿ ವರ್ಷ.

ಎತ್ತರ ಸುದ್ದಿಯಾಯಿತು, ಆದರೆ ನನಗೆ ದೊಡ್ಡದೆನಿಸುವುದು ಅದರ ಕಾಲು. 1859ರಲ್ಲಿ ಥಾಮಸ್ ಹಕ್ಸ್‌ಲಿ ಮೊತ್ತಮೊದಲ ಪೆಂಗ್ವಿನ್ ಪಳೆಯುಳಿಕೆಯನ್ನು ವಿವರಿಸಿದಾಗ ಅವರ ಮುಂದಿದ್ದದ್ದು ನ್ಯೂಜಿಲೆಂಡಿನಿಂದ ಬಂದ ಒಂದೇ ಒಂದು ಪಾದದ ಮೂಳೆ. ಒಂಟಿ ಮೂಳೆಯಿಂದ ಹಕ್ಕಿಯ ಗಾತ್ರ ಊಹಿಸಬಹುದು, ಬದುಕನ್ನಲ್ಲ. ಕಾಫಿಯಾದಲ್ಲಿ ಸಿಕ್ಕಿದ್ದು ಬಹುಪಾಲು ಅಸ್ಥಿಪಂಜರ. ಹಾಗಾಗಿಯೇ ಇದರ ಕಾಲು ಬಂಧುಗಳದ್ದಕ್ಕಿಂತ ಉದ್ದವೆಂದು ತಿಳಿಯಿತು. ಎಷ್ಟು ವೇಗವಾಗಿ ಈಜುತ್ತಿತ್ತು, ಎಷ್ಟು ಆಳಕ್ಕೆ ಮುಳುಗುತ್ತಿತ್ತು ಎಂಬ ಪ್ರಶ್ನೆಗಳೂ ಎದ್ದವು.

ಇದಕ್ಕಿಂತ ದೊಡ್ಡವೂ ಇದ್ದವು. 2023ರಲ್ಲಿ ವಿವರಿಸಿದ ಕುಮಿಮಾನು ಫೋರ್ಡೈಸಿಯ ತೂಕ ಸುಮಾರು 150 ಕಿಲೊ ಎಂದು ಅಂದಾಜು. ಡೈನೊಸಾರ್‌ಗಳ ಜೊತೆ ಸಮುದ್ರದ ದೈತ್ಯ ಸರೀಸೃಪಗಳೂ ಅಳಿದು ಇನ್ನೂ ಒಂದು ಕೋಟಿ ವರ್ಷ ಆಗುವಷ್ಟರಲ್ಲೇ ಪೆಂಗ್ವಿನ್‌ಗಳು ಈ ಗಾತ್ರಕ್ಕೆ ಬೆಳೆದುಬಿಟ್ಟಿದ್ದವು. ಹಿಮವೂ ಬೇಕಿರಲಿಲ್ಲ, ಕಪ್ಪು–ಬಿಳಿ ಕೋಟೂ ಬೇಕಿರಲಿಲ್ಲ: ಪೆರು ದೇಶದಲ್ಲಿ ಗರಿಗಳ ಸಮೇತ ಸಿಕ್ಕ, 3.6 ಕೋಟಿ ವರ್ಷ ಹಿಂದಿನ ಇಂಕಯಾಕು ಪೆಂಗ್ವಿನ್‌ನ ಬಣ್ಣ ಬೂದು ಮತ್ತು ಕೆಂಗಂದು.

ನಮ್ಮ ಮೈಸೂರಿನ ಶ್ರೀರಾಂಪುರದಲ್ಲಿ ಎಷ್ಟು ಆಳ ಕೊರೆದರೂ ಇಂಥದ್ದು ಸಿಗದು. ಇಲ್ಲಿಯ ನೆಲದಡಿಯ ನೈಸ್ ಶಿಲೆ 250 ಕೋಟಿ ವರ್ಷಕ್ಕೂ ಹಳೆಯದು, ಮೂಳೆಯೆಂಬುದೇ ಹುಟ್ಟಿರದ ಕಾಲದ್ದು. ಕಾಫಿಯಾದ್ದು ಕಡಲಡಿಯಲ್ಲಿ ಪದರ ಪದರವಾಗಿ ಕೂತ ಎಳೆಯ ಕಲ್ಲು. ಸತ್ತ ಹಕ್ಕಿಯನ್ನು ಅಂಥದ್ದೇ ಕಾಪಿಡಬಲ್ಲದು.

ಆ ದೈತ್ಯ ಪೆಂಗ್ವಿನ್‌ಗಳು ಯಾಕೆ ಅಳಿದವು? ಸೀಲ್ ಮತ್ತು ಹಲ್ಲಿನ ತಿಮಿಂಗಿಲಗಳ ಪೈಪೋಟಿಯೇ ಕಾರಣವಿರಬಹುದೆಂಬ ವಾದವಿದೆ. ಚರ್ಚೆ ಮುಗಿದಿಲ್ಲ.